ಒಂದೇ ಮನೆ, ನಾಲ್ಕು ರಾಜ್ಯ

ನಾಗಪುರದ ಧರಮ್‌ಪೇಠದಲ್ಲಿ 1949ರಲ್ಲಿ ಮನೆ ಮಾಡಿ ಆಮೇಲೆ ಎಲ್ಲಿಗೂ ಕದಲದ ಒಂದು ಕನ್ನಡ ಕುಟುಂಬ ಇದೆ ಎಂದುಕೊಳ್ಳೋಣ. ಆ ಮನೆಗೆ ಬಂದ ಹಳೇ ಲಕೋಟೆಗಳನ್ನು ಸಾಲಾಗಿ ಹರಡಿದರೆ ಊರು ಒಂದೇ, ರಾಜ್ಯ ಮಾತ್ರ ಬೇರೆ ಬೇರೆ. ಮೊದಲಿನವುಗಳ ಮೇಲೆ ‘ಸಿ.ಪಿ. ಅಂಡ್ ಬೆರಾರ್’. 1950ರ ಜನವರಿಯಿಂದ ಮಧ್ಯಪ್ರದೇಶ. ಆಗ ಅದರ ರಾಜಧಾನಿ ನಾಗಪುರವೇ. 1956ರ ನವೆಂಬರ್ 1ರಿಂದ ಮುಂಬಯಿ ರಾಜ್ಯ, 1960ರ ಮೇ 1ರಿಂದ ಮಹಾರಾಷ್ಟ್ರ.

ಕಾಗದ ಧಾರವಾಡದಿಂದ ಬಂದದ್ದಾದರೆ ಇನ್ನೂ ಸ್ವಾರಸ್ಯ. ರಾಜ್ಯ ಪುನರ್ವಿಂಗಡಣೆಯ ದಿನ ಧಾರವಾಡ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ದಿನ ನಾಗಪುರ ಮುಂಬಯಿ ರಾಜ್ಯದೊಳಕ್ಕೆ ಹೋಯಿತು. ಹಾಗಾಗಿ 1955ರ ಲಕೋಟೆಯಲ್ಲಿ ಕಳಿಸಿದವರ ವಿಳಾಸದ ಕೆಳಗೆ ಇದ್ದ ‘ಮುಂಬಯಿ ರಾಜ್ಯ’ 1957ರ ಲಕೋಟೆಯಲ್ಲಿ ಪಡೆಯುವವರ ವಿಳಾಸದ ಕೆಳಗೆ ಬಂದು ಕೂತಿರುತ್ತದೆ.

ಕೌಟುಂಬಿಕ ಸ್ಕ್ರ್ಯಾಪ್‌ಬುಕ್‌ಗೆ ಇದಕ್ಕಿಂತ ಒಳ್ಳೆಯ ಮೊದಲ ಪುಟ ಸಿಗುವುದು ಕಷ್ಟ. ಆದರೆ ಲಕೋಟೆಗಳನ್ನು ಅಂಟಿಸಿ ಕೈತೊಳೆದುಕೊಂಡರೆ ಅದು ಅಂಚೆ ಇಲಾಖೆಯ ಕಥೆಯಾದೀತೇ ಹೊರತು ಮನೆಯ ಕಥೆಯಾಗದು. ಮಧ್ಯಪ್ರದೇಶದ ರಾಜಧಾನಿ ಭೋಪಾಲಕ್ಕೆ ಹೋದಾಗ ಅಪ್ಪನಿಗೂ ವರ್ಗಾವಣೆಯ ಭಯವಿತ್ತೇ? ಪಕ್ಕದ ಮನೆಯವರು ಗಂಟುಮೂಟೆ ಕಟ್ಟಿದರೇ? ಮಕ್ಕಳ ಶಾಲೆಯ ಬಗ್ಗೆ ಅಮ್ಮ ಏನೆಂದಳು? ಇವೆಲ್ಲ ಯಾವ ಸರ್ಕಾರಿ ಕಡತದಲ್ಲೂ ಇಲ್ಲ. ಮನೆಯವರೇ ಕೂತು ಬರೆಯಬೇಕು.

ರೈಲ್ವೆ, ಲೆಕ್ಕಪತ್ರ ಕಚೇರಿ, ಗಣಿ, ಬ್ಯಾಂಕು ಅಂತ ನೌಕರಿ ಹಿಡಿದು ಪರವೂರಿಗೆ ಹೋದ ಕುಟುಂಬಗಳಿಗೆ ಈ ಕೆಲಸ ಹೆಚ್ಚು ಜರೂರು. ಹುಟ್ಟೂರಿನಲ್ಲಿ ಇದ್ದವರಿಗೆ ನೆನಪು ಮಾಡಿಕೊಡಲು ಬೀದಿಯಿದೆ, ಗುಡಿಯಿದೆ, ಬಂಧುಬಳಗವಿದೆ. ಪರವೂರಿನವರ ಹತ್ತಿರ ಇರುವುದು ಒಂದು ಟ್ರಂಕು, ಅದರೊಳಗೆ ಹೆಸರು ಬರೆಯದ ಫೋಟೊಗಳು.

ಏನು ಬರೆಯಬೇಕು ಎನ್ನುವಲ್ಲೇ ಹೆಚ್ಚಿನವರು ಎಡವುತ್ತಾರೆ. ‘ಅಜ್ಜಿ, ದೀಪಾವಳಿ, 1962’ ಎಂದು ಬರೆದರೆ ತಾರೀಖು ಉಳಿಯಿತು, ಅಜ್ಜಿ ಉಳಿಯಲಿಲ್ಲ. ಅದೇ ಫೋಟೊದ ಕೆಳಗೆ ಅಜ್ಜಿ ಹೇಳಿದ ಹಾಗೆಯೇ ಇಳಿಸಿದರೆ ಹೀಗಿದ್ದೀತು: ‘ಈ ಸೀರಿ ಸೀತಾಬರ್ಡಿಯೊಳಗ ತಗೊಂಡದ್ದು. ಮರಾಠಿ ಬರತಿದ್ದಿಲ್ಲ ಅಂತ ಬಾಜೂ ಮನಿ ಕಾಕೂನ್ನ ಕರಕೊಂಡು ಹೋಗಿದ್ದೆ. ಮುಂದಿನ ವರ್ಷ ನಾನ ಒಬ್ಬಾಕಿನ ಹೋಗಿ ಚೌಕಾಶಿ ಮಾಡಿ ಬಂದೆ.’ ಇಷ್ಟರಲ್ಲಿ ಒಂದು ಪೇಟೆ ಬಂತು, ಒಬ್ಬ ನೆರೆಯವಳು ಬಂದಳು, ಹೊಸ ಭಾಷೆ ಕಲಿತ ಒಂದು ವರ್ಷವೂ ಬಂತು. ಇದನ್ನು ತಿದ್ದಿ ಗ್ರಾಂಥಿಕ ಕನ್ನಡಕ್ಕೆ ತಂದರೆ ಧಾರವಾಡದ ಅಜ್ಜಿ ಮಾಯವಾಗುತ್ತಾಳೆ.

ನೆನಪು ಬರೆದಿಡಲು ಎರಡು ದಾರಿಗಳುಂಟು. ವಿಶ್ವೇಶ್ವರಯ್ಯನವರು 1951ರಲ್ಲಿ ಪ್ರಕಟಿಸಿದ ಆತ್ಮಕಥನದ ಹೆಸರು ‘ಮೆಮೊಯಿರ್ಸ್ ಆಫ್ ಮೈ ವರ್ಕಿಂಗ್ ಲೈಫ್’. ದುಡಿಮೆಯ ಬದುಕಿನ ನೆನಪು ಎಂದು ಹೆಸರಿನಲ್ಲೇ ಗೆರೆ ಎಳೆದಿದ್ದಾರೆ. ಪೂರ್ಣಚಂದ್ರ ತೇಜಸ್ವಿಯವರ ‘ಅಣ್ಣನ ನೆನಪು’ ಇದಕ್ಕೆ ಪೂರ್ತಿ ಎದುರು ದಿಕ್ಕಿನದು. ಅಲ್ಲಿ ಕುವೆಂಪು ರಾಷ್ಟ್ರಕವಿಗಿಂತ ಹೆಚ್ಚಾಗಿ ಮೈಸೂರಿನ ಒಂದು ಮನೆಯ ತಂದೆ. ಮನೆಯ ಪುಸ್ತಕಕ್ಕೆ ಮಾದರಿ ಬೇಕೆನ್ನುವವರು ನೋಡಬೇಕಾದದ್ದು ಈ ಎರಡನೆಯ ದಾರಿಯನ್ನು.

ಕುವೆಂಪು ಅವರದೇ ‘ನೆನಪಿನ ದೋಣಿಯಲ್ಲಿ’ ಇನ್ನೊಂದು ಉಪಾಯ ಹೇಳಿಕೊಡುತ್ತದೆ. ಹರೆಯದಲ್ಲಿ ಬರೆದಿಟ್ಟ ದಿನಚರಿಯನ್ನು ಮುಂದಿಟ್ಟುಕೊಂಡು ಇಳಿವಯಸ್ಸಿನಲ್ಲಿ ಅದಕ್ಕೆ ವಿವರ ಕೂಡಿಸುತ್ತಾ ಹೋದ ಪುಸ್ತಕ ಅದು. ಸ್ಕ್ರ್ಯಾಪ್‌ಬುಕ್‌ನಲ್ಲೂ ಹೀಗೆ ಮಾಡಬಹುದು. ಹಳೇ ಡೈರಿಯ ಹಾಳೆಯನ್ನೋ ಖರ್ಚಿನ ಚೀಟಿಯನ್ನೋ ಮುಟ್ಟದೆ ಎಡಪುಟದಲ್ಲಿಟ್ಟು, ಬಲಪುಟದಲ್ಲಿ ಇವತ್ತಿನ ಮಾತು ಬರೆದು ಇವತ್ತಿನ ತಾರೀಖು ಹಾಕುವುದು. ಯಾವುದು ಆಗಿನದು, ಯಾವುದು ಈಗಿನದು ಎಂಬ ಗೊಂದಲ ಉಳಿಯುವುದಿಲ್ಲ.

ತಾರೀಖು ಇಲ್ಲದ ಕಾಗದಗಳಿಗೂ ಸುಳಿವುಗಳುಂಟು. ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ನಾಗಪುರದ್ದು 440ರಿಂದ ಶುರುವಾಗುತ್ತದೆ. ಆ ಸಂಖ್ಯೆ ಇದ್ದರೆ ಕಾಗದ ಅದಕ್ಕಿಂತ ಹಿಂದಿನದಲ್ಲ. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ರಂದು. ಆದರೂ ಎಷ್ಟೋ ಹಿರಿಯರು ರೂಢಿಯಂತೆ ಹಳೇ ಹೆಸರನ್ನೇ ಬರೆಯುತ್ತಿದ್ದುದರಿಂದ ಅಂಚೆ ಮುದ್ರೆಯನ್ನೂ ನೋಡಿಕೊಳ್ಳುವುದು ಕ್ಷೇಮ.

ಇನ್ನು ಅಂಟು. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ 1873ರಲ್ಲಿ ತಾನೇ ಅಂಟಿಕೊಳ್ಳುವ ಸ್ಕ್ರ್ಯಾಪ್‌ಬುಕ್‌ಗೆ ಪೇಟೆಂಟ್ ಪಡೆದಿದ್ದ. ಪುಟದ ಮೇಲಿನ ಅಂಟಿನ ಪಟ್ಟಿಯನ್ನು ಒದ್ದೆ ಮಾಡಿ ಕಾಗದ ಒತ್ತಿದರೆ ಮುಗಿಯಿತು. ಅನುಕೂಲವೇನೋ ಹೌದು, ಆದರೆ ಅಂಟು ಫೋಟೊಗಳ ಶತ್ರು. ಪಾರದರ್ಶಕ ಹಾಳೆ ಎತ್ತಿ ಒತ್ತುವ ಆಲ್ಬಮ್‌ಗಳಲ್ಲಿ ಸಿಕ್ಕಿಕೊಂಡ ಫೋಟೊ ಬಿಡಿಸಲು ಹೋಗಿ ಹರಿದುಕೊಂಡವರು ಕಡಿಮೆಯಿಲ್ಲ. ಸೆಲೊಟೇಪ್ ಕೆಲವೇ ವರ್ಷಗಳಲ್ಲಿ ಹಳದಿಗಟ್ಟಿ ಕಲೆ ಬಿಡುತ್ತದೆ. ಹಳೇ ಕಪ್ಪು ಹಾಳೆಯ ಆಲ್ಬಮ್‌ನಲ್ಲಿ ನಾಲ್ಕು ಮೂಲೆಗೆ ಸಿಕ್ಕಿಸುತ್ತಿದ್ದ ಕಾಗದದ ಮೂಲೆಪಟ್ಟಿಯೇ ಈಗಲೂ ಒಳ್ಳೆಯದು. ಫೋಟೊದ ಹಿಂದೆ ಬರೆಯಲು ಮೆತ್ತನೆಯ ಪೆನ್ಸಿಲ್ ಸಾಕು. ಬಾಲ್‌ಪೆನ್ ಒತ್ತಿದ ಗುರುತು ಮುಖದ ಕಡೆ ಮೂಡುತ್ತದೆ.

ನಾಗಪುರದ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೇ ತಿಂಗಳಲ್ಲಿ ಬಿಸಿಲು 45 ಡಿಗ್ರಿ ದಾಟುವುದು ಅಲ್ಲಿ ಹೊಸದಲ್ಲ. ಆಗ ಮನೆಮನೆಯಲ್ಲೂ ಕೂಲರ್ ಓಡುತ್ತದೆ. ಅದು ಬೀಸುವುದು ತೇವದ ಗಾಳಿ. ಆ ಗಾಳಿ ನೇರ ಬೀಸುವ ಕೋಣೆಯಲ್ಲಿ ಕಾಗದದ ಪೆಟ್ಟಿಗೆ ಇಟ್ಟರೆ ಬೂಷ್ಟು ಹಿಡಿಯಲು ಮಳೆಗಾಲದವರೆಗೆ ಕಾಯಬೇಕಿಲ್ಲ. ಬಿಸಿಲಿಗೆ ಕಾಯುವ ಗೋಡೆಯೂ ಬೇಡ. ನೆಲಕ್ಕೆ ತಾಗಿಸಿದರೆ ಗೆದ್ದಲು. ಒಳಕೋಣೆಯ ಕಪಾಟಿನ ನಡುವಿನ ಹಲಗೆ ಮೇಲು. ಅಂಗಡಿಯ ಬಿಲ್ಲಿನಂಥ ಥರ್ಮಲ್ ಕಾಗದದ ಅಕ್ಷರ ಶಾಖಕ್ಕೆ ಅಳಿಸಿಯೇ ಹೋಗುತ್ತದೆ, ಅದರ ಜೆರಾಕ್ಸ್ ಮಾಡಿಸಿ ಅಂಟಿಸುವುದು ಜಾಣತನ.

ಪ್ರತಿ ತೆಗೆಸಿದರೆ ಸಾಲದು, ಬೇರೆ ಮನೆಯಲ್ಲೂ ಇಡಬೇಕು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯೊಂದನ್ನು ಕುರಿತು ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಸಿಕ್ಕವು. ಮೂರೂ ಇದ್ದದ್ದು ಒಂದೇ ಕಟ್ಟಡದಲ್ಲಿ. ಆಮೇಲೆ ನೆನಪನ್ನೇ ನೆಚ್ಚಿ ಅವರು ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ಅಂಥ ನೆನಪಿನ ಶಕ್ತಿ ಎಲ್ಲರಿಗೂ ಇರುವುದಿಲ್ಲವಾದ್ದರಿಂದ ನಾಗಪುರದ ಪುಸ್ತಕದ ಒಂದು ಪ್ರತಿ ಧಾರವಾಡದ ಸೋದರಮಾವನ ಮನೆಯಲ್ಲಿರಲಿ.

ಕನ್ನಡ ಮಾತಾಡಲು ಬಂದರೂ ಓದಲು ಬಾರದ ಮೊಮ್ಮಕ್ಕಳು ನಾಗಪುರದಂಥ ಊರಿನ ಕನ್ನಡ ಮನೆಗಳಲ್ಲಿ ಸಾಮಾನ್ಯ. ಅವರಿಗಾಗಿ ಅಜ್ಜಿಯ ಮಾತನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು, ಪುಟಕ್ಕೂ ಧ್ವನಿಯ ಕಡತಕ್ಕೂ ಒಂದೇ ನಂಬರು ಹಾಕಬಹುದು. ಜನರ, ಊರಿನ ಹೆಸರುಗಳನ್ನು ದೇವನಾಗರಿಯಲ್ಲೂ ಬರೆಯಬಹುದು. ಮನೆಯಲ್ಲಿ ನೆನಪುಗಳು ತಾಳೆಯಾಗದೆ ಜಗಳವೂ ಆದೀತು. ಮನೆ ಬದಲಿಸಿದ್ದು ದಸರೆಗೆ ಮುಂಚೆ ಎಂದು ಅಣ್ಣ, ಆಮೇಲೆ ಎಂದು ತಂಗಿ ಹಟ ಹಿಡಿದರೆ ಎರಡನ್ನೂ ಅವರವರ ಕೈಬರಹದಲ್ಲಿ, ಅವರವರ ಸಹಿಯೊಂದಿಗೆ ಒಂದೇ ಪುಟದಲ್ಲಿ ಹಾಕಿ, ಕೆಳಗೆ ನಾಲ್ಕು ಬೆರಳಷ್ಟು ಜಾಗ ಖಾಲಿ ಬಿಟ್ಟರಾಯಿತು. ನಾಳೆ ಬಾಡಿಗೆ ರಸೀದಿ ಸಿಕ್ಕರೆ ಅಂಟಿಸಲು ಬೇಕಾಗುತ್ತದೆ.