ಬುಕ್ಕಸಾಗರ: ಸುಲ್ತಾನರ ಬಿರುದು ತುಂಗಭದ್ರೆಗೆ ಬಂದ ದಾರಿ

ಹಂಪಿಗೆ ಬಂದವರ ಗದ್ದಲ ಕಮಲಾಪುರಕ್ಕೇ ಮುಗಿಯುತ್ತದೆ. ಅಲ್ಲಿಂದ ಕಂಪ್ಲಿಯ ಕಡೆ ಹೊರಟರೆ ಬಂಡೆಗುಡ್ಡಗಳ ನಡುವೆ ಬಾಳೆತೋಟ, ಕಬ್ಬು, ಭತ್ತದ ಗದ್ದೆ. ತುಂಗಭದ್ರೆಯ ಬಲದಂಡೆಗೆ ಅಂಟಿಕೊಂಡ ಊರು ಬುಕ್ಕಸಾಗರ. ನದಿಯ ಆಚೆ ಕಡೆಬಾಗಿಲು. ಎರಡು ಊರುಗಳ ನಡುವೆ ಈಗ ಸೇತುವೆಯಿದೆ.

ಊರಿನ ಹೆಸರಲ್ಲೇ ಬುಕ್ಕರಾಯನಿದ್ದಾನೆ. 1356ರಿಂದ 1377ರವರೆಗೆ ವಿಜಯನಗರವನ್ನು ಆಳಿದ ಆತನ ಶಾಸನಗಳಲ್ಲಿ ‘ಹಿಂದೂರಾಯ ಸುರತ್ರಾಣ’ ಎಂಬ ಬಿರುದು ಬರುತ್ತದೆ. ಪದ ಬಿಡಿಸಿದರೆ ‘ದೇವತೆಗಳನ್ನು ಕಾಯುವವನು’ ಎಂಬ ಸಂಸ್ಕೃತದ ಅರ್ಥ ಸಿಗುತ್ತದೆ. ಕಿವಿಗೆ ಬೀಳುವುದು ಮಾತ್ರ ‘ಸುಲ್ತಾನ’. ಅರಬ್ಬಿಯ ಈ ಮಾತು ಹೊಳೆದಂಡೆಯ ರಾಜನ ಬಿರುದಿಗೆ ಬಂದದ್ದು ಹೇಗೆ?

632ರಲ್ಲಿ ಪ್ರವಾದಿ ಮುಹಮ್ಮದರು ತೀರಿಕೊಂಡ ಮೇಲೆ ಮದೀನದಲ್ಲಿ ಅಬೂಬಕರ್ ಮೊದಲ ಖಲೀಫರಾದರು, ಅಂದರೆ ಪ್ರವಾದಿಯ ಉತ್ತರಾಧಿಕಾರಿಯಾಗಿ ಮುಸ್ಲಿಮರ ನಾಯಕರಾದರು. ಅವರ ನಂತರ ಉಮರ್, ಉಸ್ಮಾನ್, ಅಲಿ. ಈ ನಾಲ್ವರ 29 ವರ್ಷಗಳಲ್ಲಿ ಸಿರಿಯಾ, ಈಜಿಪ್ಟು, ಇರಾನ್ ಅರಬರ ವಶವಾದವು. ರೋಮನ್ನರು ಮತ್ತು ಪರ್ಷಿಯನ್ನರು ವರ್ಷಗಟ್ಟಲೆ ಕಾದಾಡಿ ಬಸವಳಿದಿದ್ದೂ ಇದಕ್ಕೊಂದು ಕಾರಣ. ಸೈನಿಕರ ಹೆಸರು, ಸಂಬಳ ಬರೆದಿಡಲು ಉಮರ್ ತೆರೆಸಿದ ದಫ್ತರದ ಹೆಸರು ದಿವಾನ. ಮೈಸೂರಿನ ದಿವಾನರ ಪದವಿಗೂ ಇದೇ ಮಾತು. 661ರಲ್ಲಿ ಅಧಿಕಾರ ಡಮಾಸ್ಕಸ್‌ನ ಉಮಯ್ಯದ್ ಮನೆತನಕ್ಕೆ ಹೋಯಿತು. ಅವರ ಸೇನೆ 711ರಲ್ಲಿ ಒಂದು ಕಡೆ ಸ್ಪೇನಿಗೆ, ಇನ್ನೊಂದು ಕಡೆ ಸಿಂಧ್‌ಗೆ ಕಾಲಿಟ್ಟಿತು.

ಸಿಂಧ್‌ನಿಂದ ದಕ್ಷಿಣಕ್ಕೆ ಇಳಿದ ಪಡೆಯನ್ನು ತಡೆದವರಲ್ಲಿ ಕನ್ನಡ ರಾಜ್ಯದವರಿದ್ದರು. ಬಾದಾಮಿಯ ಎರಡನೇ ವಿಕ್ರಮಾದಿತ್ಯನ ಕಾಲದಲ್ಲಿ, ಗುಜರಾತಿನ ನವಸಾರಿಯಲ್ಲಿ ಆಳುತ್ತಿದ್ದ ಚಾಲುಕ್ಯ ವಂಶದ ಅವನಿಜನಾಶ್ರಯ ಪುಲಕೇಶಿ ‘ತಾಜಿಕ’ರನ್ನು, ಅಂದರೆ ಅರಬರನ್ನು, ಸೋಲಿಸಿದ. 738ರ ಆಸುಪಾಸಿನ ಅವನ ತಾಮ್ರಪಟ ಇದನ್ನು ಹೇಳುತ್ತದೆ. ‘ಹಿಂದಕ್ಕೆ ಸರಿಯದವರನ್ನು ಹಿಂದಕ್ಕೆ ಸರಿಸಿದವನು’ ಎಂಬುದು ಚಕ್ರವರ್ತಿ ಅವನಿಗೆ ಕೊಟ್ಟ ಬಿರುದುಗಳಲ್ಲೊಂದು.

ಕತ್ತಿಯ ಜಾಗಕ್ಕೆ ಮುಂದೆ ವ್ಯಾಪಾರ ಬಂತು. 851ರ ಅರಬ್ಬಿ ಬರಹವೊಂದು ಲೋಕದ ನಾಲ್ವರು ದೊಡ್ಡ ರಾಜರಲ್ಲಿ ಉಮಯ್ಯದರ ನಂತರ ಬಾಗ್ದಾದಿನಿಂದ ಆಳುತ್ತಿದ್ದ ಖಲೀಫನ ಜೊತೆಗೆ ‘ಬಲ್ಹಾರಾ’ನನ್ನೂ ಎಣಿಸುತ್ತದೆ. ಬಲ್ಹಾರಾ ಎಂದರೆ ಮಾನ್ಯಖೇಟದ ರಾಷ್ಟ್ರಕೂಟ ವಲ್ಲಭರಾಜ. ಅದೇ ರಾಷ್ಟ್ರಕೂಟರ ಕೈಕೆಳಗೆ ಸಂಜಾನ ಬಂದರಿನ ಸೀಮೆಯನ್ನು ಮಧುಮತಿ, ಅಂದರೆ ಮುಹಮ್ಮದ್, ಎಂಬ ಅರಬ ಆಳುತ್ತಿದ್ದ.

1258ರಲ್ಲಿ ಮಂಗೋಲರು ಬಾಗ್ದಾದನ್ನು ಹಾಳುಗೆಡವಿದರು. ಸುಲ್ತಾನರಿಗೆ ಮನ್ನಣೆ ಕೊಡುತ್ತಿದ್ದ ಖಲೀಫರ ಹೆಸರಷ್ಟೇ ಕೈರೋದಲ್ಲಿ ಉಳಿಯಿತು. ಆ ಹೆಸರಿಗೂ ಎಷ್ಟು ತೂಕವಿತ್ತೆಂದರೆ ದೆಹಲಿಯ ಮುಹಮ್ಮದ್ ಬಿನ್ ತುಘಲಕ್ ನಾಣ್ಯದಿಂದ ತನ್ನ ಹೆಸರನ್ನೇ ತೆಗೆದು ಖಲೀಫನ ಹೆಸರು ಹಾಕಿಸಿದ. 1327ರಲ್ಲಿ ಬುಕ್ಕಸಾಗರದ ನೆರೆಯ ಕಂಪ್ಲಿಯ ರಾಜ್ಯವನ್ನು ಕೆಡವಿದ್ದು ಇದೇ ತುಘಲಕನ ಸೈನ್ಯ. ಅವನು ಕೈರೋದ ಒಪ್ಪಿಗೆಗಾಗಿ ಕಾದು ಕುಳಿತ. ಬುಕ್ಕರಾಯನೋ ಯಾವ ಖಲೀಫನ ಸನ್ನದನ್ನೂ ಬೇಡದೆ ಸುಲ್ತಾನನ ಬಿರುದನ್ನು ಎತ್ತಿಕೊಂಡು ಅದಕ್ಕೆ ಸಂಸ್ಕೃತದ ಬಟ್ಟೆ ತೊಡಿಸಿದ.

ಈ ಕಥೆಯ ಇನ್ನೊಂದು ಪುಟ ಬುಕ್ಕಸಾಗರದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದೆ. ಕಮಲಾಪುರದಿಂದ ತಳವಾರಘಟ್ಟದ ಕಡೆಗಿನ ದಾರಿಯಲ್ಲಿ ಅಹಮದ್ ಖಾನನ ಮಸೀದಿ ಸಿಗುತ್ತದೆ. ಮೊದಲ ನೋಟಕ್ಕೆ ಅದು ಗುಡಿಯ ಮಂಟಪ. ಕಲ್ಲಿನ ಕಂಬಗಳ ಸಾಲು, ಸಮತಟ್ಟಾದ ಚಾವಣಿ, ಗುಮ್ಮಟವಿಲ್ಲ, ಮಿನಾರವಿಲ್ಲ. ಒಳಹೊಕ್ಕು ಪಡುವಣ ಗೋಡೆಯ ಗೂಡನ್ನು ಕಂಡಾಗಲೇ ಇದು ನಮಾಜಿನ ಜಾಗವೆಂದು ತಿಳಿಯುವುದು. ಗುಮ್ಮಟವಿರುವುದು ಪಕ್ಕದ ಗೋರಿಗೆ.

ಇಲ್ಲಿನ 1439ರ ಶಾಸನ ಕನ್ನಡದ್ದು. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ ತನ್ನ ಒಡೆಯನಿಗೆ ಪುಣ್ಯವಾಗಲೆಂದು ಇದನ್ನು ಕಟ್ಟಿಸಿದನೆಂದು ಹೇಳುತ್ತದೆ. ಮಸೀದಿಯನ್ನು ‘ಧರ್ಮಸಾಲೆ’ ಎಂದು ಕರೆಯುತ್ತದೆ. ಮುಸ್ಲಿಂ ಸೈನಿಕರು ವಂದಿಸಲೆಂದು ಇದೇ ದೇವರಾಯ ಸಿಂಹಾಸನದ ಮುಂದೆ ಕುರಾನ್ ಇರಿಸಿದ್ದನೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ.

ರಾಜನ ಬಿರುದಿನಲ್ಲಿ ಅರಬ್ಬಿ ಸಂಸ್ಕೃತವಾಯಿತು. ಸೇವಕನ ಶಾಸನದಲ್ಲಿ ಮಸೀದಿ ಧರ್ಮಸಾಲೆಯಾಯಿತು. ಬಂದದ್ದನ್ನು ತಡೆಯುವುದೂ ಈ ನಾಡಿಗೆ ಗೊತ್ತಿತ್ತು, ತನ್ನದಾಗಿಸಿಕೊಳ್ಳುವುದೂ ಗೊತ್ತಿತ್ತು. ಎರಡನ್ನೂ ಸೇರಿಸಿ ಓದಿದರೆ ಮಾತ್ರ ನಮ್ಮ ಚರಿತ್ರೆ ಪೂರ್ತಿಯಾಗುತ್ತದೆ. ಕಲ್ಲಿನ ರಥ ನೋಡಲು ಬಂದವರು ಮಕ್ಕಳನ್ನು ಕರೆದುಕೊಂಡು ಒಂದು ಗಳಿಗೆ ಈ ಮಸೀದಿಯ ಕಂಬಗಳ ನಡುವೆ ನಿಲ್ಲಿ. ಆಮೇಲೆ ಬುಕ್ಕಸಾಗರದ ದಾರಿ ಹಿಡಿಯಿರಿ.