ನಂದಾದೇವಿ: ದುರ್ಗಮತೆಯ ನೆಲೆಗಳು

ಪೂರ್ಣವಾಗಿ ಭಾರತದ ಎಲ್ಲೆಯೊಳಗಿರುವ ಶಿಖರಗಳಲ್ಲಿ ಅತ್ಯುನ್ನತವೆಂದು ಪರಿಗಣಿತವಾದುದು ನಂದಾದೇವಿ. ಉತ್ತರಾಖಂಡದ ಗಢವಾಲ ಹಿಮಾಲಯದಲ್ಲಿರುವ ಇದರ ಎತ್ತರ 7,816 ಮೀಟರ್. ಗಢವಾಲ, ಕುಮಾವೂಂ ಪ್ರದೇಶಗಳ ಜನರಿಗೆ ಇದು ಆರಾಧ್ಯದೇವತೆಯೂ ಹೌದು.

ಶಿಖರವನ್ನು ಸುತ್ತುವರಿದ ಗಿರಿಶ್ರೇಣಿಗಳು ಕೋಟೆಯ ಗೋಡೆಯಂತಿವೆ. ಪಶ್ಚಿಮದಲ್ಲಿ ಋಷಿಗಂಗೆಯು ಕೊರೆದ ಕಡಿದಾದ ಕಮರಿಯೊಂದೇ ಒಳಗಿನ ನೀರಿಗೆ ಹೊರದಾರಿ. ಅದರ ಮೂಲಕವೇ 1934ರಲ್ಲಿ ಶಿಪ್ಟನ್ ಮತ್ತು ಟಿಲ್ಮನ್ ಮೂವರು ಶೆರ್ಪಾಗಳೊಡನೆ ಒಳಹೊಕ್ಕರು. 1936ರಲ್ಲಿ ಟಿಲ್ಮನ್ ಹಾಗೂ ಭೂವಿಜ್ಞಾನಿ ಓಡೆಲ್ ಶಿಖರವನ್ನೇರಿದರು.

ಈ ಗೋಡೆಗಳು ಒಳಕಣಿವೆಯ ಹವೆಯನ್ನೂ ರೂಪಿಸಿವೆ. ಮುಂಗಾರಿನ ತಿಂಗಳುಗಳನ್ನುಳಿದು ಅಲ್ಲಿ ಮಳೆ ವಿರಳ. ಸುಮಾರು ಆರು ತಿಂಗಳು ನೆಲವು ಹಿಮದಡಿಯಲ್ಲಿರುತ್ತದೆ.

ಭಾರತ ಮತ್ತು ಯುರೇಷ್ಯಾ ಭೂಫಲಕಗಳ ಸಂಘಟ್ಟನೆಯಿಂದ, ಆಳದಲ್ಲಿ ಶಾಖ ಒತ್ತಡಗಳಿಗೆ ಸಿಲುಕಿ ರೂಪಾಂತರಗೊಂಡ ಶಿಲೆಗಳು ಇಲ್ಲಿ ಮೇಲೆದ್ದಿವೆ. ಆ ಒತ್ತಡ ಇಂದಿಗೂ ನಿಂತಿಲ್ಲ. ಪರ್ವತವನ್ನು ಎತ್ತುವ ಬಲವೇ ಬಂಡೆಯನ್ನು ಸೀಳುತ್ತದೆ; ಬಿರುಕಿಗಿಳಿದ ನೀರು ಹೆಪ್ಪುಗಟ್ಟಿ ಅದನ್ನು ಅಗಲಿಸುತ್ತದೆ.

ಪರಿಸರರಕ್ಷಣೆಗಾಗಿ 1983ರಲ್ಲಿ ಒಳಕಣಿವೆಯನ್ನು ಪರ್ವತಾರೋಹಿಗಳಿಗೆ ಮುಚ್ಚಲಾಯಿತು. ಆದರೂ ಈ ದುರ್ಗಮ ನೆಲೆ ಕೆಳಗಿನ ಜನವಸತಿಯೊಡನೆ ನದಿಯ ಮೂಲಕ ಬೆಸೆದುಕೊಂಡೇ ಇದೆ. 2021ರ ಫೆಬ್ರವರಿ 7ರಂದು ಸಮೀಪದ ರೋಂತಿ ಶಿಖರದಿಂದ ಸುಮಾರು 2.7 ಕೋಟಿ ಘನಮೀಟರ್ ಬಂಡೆ ಮತ್ತು ಹಿಮ ಕುಸಿದು ಋಷಿಗಂಗೆಗೆ ನುಗ್ಗಿತು. ಎರಡು ಜಲವಿದ್ಯುತ್ ಯೋಜನೆಗಳು ಧ್ವಂಸವಾದವು. 200ಕ್ಕೂ ಹೆಚ್ಚು ಜನ ಮೃತರಾದರು ಇಲ್ಲವೆ ಕಾಣೆಯಾದರು. 1974ರಲ್ಲಿ ಕಾಡನ್ನುಳಿಸಲು ಸ್ತ್ರೀಯರು ಮರಗಳಿಗೆ ಕಾವಲು ನಿಂತ ರೈಣಿ ಗ್ರಾಮವಿರುವುದೂ ಇದೇ ನದಿಯ ಬಳಿ.

ಮನುಷ್ಯನು ಶಿಖರಕ್ಕೇರುವುದನ್ನು ಕಾನೂನು ತಡೆಯಬಲ್ಲುದು. ಶಿಖರವು ಕಣಿವೆಗಿಳಿಯುವುದನ್ನು ತಡೆಯಲಾರದು. ಕಣಿವೆಯಲ್ಲಿ ಏನನ್ನು, ಎಲ್ಲಿ ಕಟ್ಟಬೇಕೆಂಬುದನ್ನು ಈ ಅರಿವಿನಿಂದಲೇ ನಿರ್ಧರಿಸಬೇಕಾಗಿದೆ.