ಚಿರೇಕಲ್ಲಿನ ಕಮಾನು

ಕುಮಟಾದಿಂದ ಅಂಕೋಲೆಯ ಕಡೆ ಹೊರಟರೆ ಸುಮಾರು ಹತ್ತು ಕಿಲೋಮೀಟರಿಗೆ ಮಿರ್ಜಾನ್. ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿದರೆ ಚಿರೇಕಲ್ಲಿನ ಕೋಟೆ. ಅಘನಾಶಿನಿ ಅಲ್ಲಿಗೆ ದೂರವಿಲ್ಲ. ಬಂದವರಲ್ಲಿ ಹೆಚ್ಚಿನವರು ಪಾಚಿಗಟ್ಟಿದ ಗೋಡೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಬಾಗಿಲು ದಾಟುವಾಗ ತಲೆಯೆತ್ತಿ ಕಮಾನು ನೋಡುವವರು ಕಡಿಮೆ.

ಭಟ್ಕಳದ ಕೇತಪೈ ನಾರಾಯಣ ದೇವಸ್ಥಾನ, ಗೇರುಸೊಪ್ಪೆಯ ಚತುರ್ಮುಖ ಬಸದಿ ಇದೇ ಸೀಮೆಯವು. ಅಲ್ಲಿನ ಲೆಕ್ಕಾಚಾರ ಬೇರೆ: ಕಂಬ ನಿಲ್ಲಿಸಿ, ಮೇಲೆ ತೊಲೆಯಿಟ್ಟು, ಚಪ್ಪಡಿ ಹೊದಿಸಿದ್ದಾರೆ. ಭಟ್ಕಳದಲ್ಲಂತೂ ಮಳೆನೀರು ಇಳಿಯುವ ಇಳಿಮಾಡೂ ಕಲ್ಲಿನದೇ. ಗಟ್ಟಿ ಶಿಲೆಯಾದ್ದರಿಂದ ಅದು ನಡೆಯಿತು. ಚಿರೇಕಲ್ಲು ಹಾಗಲ್ಲ. ಹಸಿಯಿದ್ದಾಗ ಕೊಡಲಿಗೆ ಬಗ್ಗುತ್ತದೆ, ಗಾಳಿಬಿಸಿಲಿಗೆ ಗಟ್ಟಿಯಾಗುತ್ತದೆ; ಆದರೂ ಮೈತುಂಬ ತೂತು. ತೊಲೆಯಂತೆ ಅಡ್ಡ ಹಾಕಿ ಭಾರ ಹೇರಿದರೆ ನಡುವೆ ಮುರಿಯುತ್ತದೆ. ಒತ್ತಿದರೆ ಮಾತ್ರ ತಾಳಿಕೊಳ್ಳುತ್ತದೆ. ಇಂಥ ಕಲ್ಲಿನಲ್ಲೇ ಅಗಲವಾದ ಬಾಗಿಲು ಬೇಕೆಂದರೆ ಕಮಾನೇ ಗತಿ.

ಕಟ್ಟುವ ಕ್ರಮ ಸರಳ, ಕೈಚಳಕ ಸರಳವಲ್ಲ. ಮೊದಲು ಮರದ ಚೌಕಟ್ಟು. ಅದರ ಬಾಗಿಗೆ ತಕ್ಕಂತೆ ಕಲ್ಲುಗಳನ್ನು ಮೇಲೆ ಅಗಲ, ಕೆಳಗೆ ಕಿರಿದಾಗಿ ಕೆತ್ತಿ ಎರಡೂ ಕಡೆಯಿಂದ ಏರಿಸುತ್ತಾ ಬರಬೇಕು. ನೆತ್ತಿಯ ಕಲ್ಲು ಕೂರುವವರೆಗೆ ಎಲ್ಲದರ ಭಾರವೂ ಮರದ ಮೇಲೆ. ಕೂತ ಮೇಲೆ ಒಂದು ಕಲ್ಲು ಇನ್ನೊಂದನ್ನು ಒತ್ತಿ ಹಿಡಿಯುತ್ತದೆ, ಮರ ಕಳಚಬಹುದು. ಆ ಒತ್ತಡ ಅಲ್ಲಿಗೇ ಮುಗಿಯದು. ಅದು ಕಮಾನಿನ ಕಾಲುಗಳನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಕೋಟೆಗೆ ಇದು ಕಷ್ಟವೇನಲ್ಲ. ಶತ್ರುವಿಗೆಂದು ಎಬ್ಬಿಸಿದ ದಪ್ಪ ಗೋಡೆಯೇ ಅದನ್ನೂ ತಡೆಯುತ್ತದೆ.

ಕಟ್ಟಿಸಿದವರು ಯಾರು? ಊರಿನವರ ಬಾಯಲ್ಲಿ ಬರುವುದು 1552ರಿಂದ 1606ರವರೆಗೆ ಗೇರುಸೊಪ್ಪೆಯಲ್ಲಿ ಆಳಿದ, ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ಹೆಸರು. ಬಿಜಾಪುರದ ಸರದಾರ ಶರೀಫ್ ಉಲ್ ಮುಲ್ಕ್ ಕಟ್ಟಿಸಿದ ಎಂಬ ವಾದವೂ ಇದೆ. ಕಮಾನು ಕಂಡೊಡನೆ ಬಿಜಾಪುರದ ಕಡೆ ವಾಲುವವರಿಗೆ ಒಂದು ಮಾತು: ಹಂಪಿಯ ಕಮಲಮಹಲಿನಲ್ಲೂ ಕಮಾನುಗಳೇ ಇವೆ. ಅದೊಂದರಿಂದ ತೀರ್ಪು ಕೊಡಲಾಗದು. 2000-01ರಲ್ಲಿ ಪುರಾತತ್ವ ಇಲಾಖೆ ಅಗೆದಾಗ ಚೀನೀ ಪಿಂಗಾಣಿಯ ಚೂರುಗಳೂ ಫಿರಂಗಿ ಗುಂಡುಗಳೂ ಸಿಕ್ಕವು. ಮೆಣಸು ಸಾಗಿಸುತ್ತಿದ್ದ ಬಂದರಿನಲ್ಲಿ ಇವೆರಡೂ ಜೊತೆಗೇ ಸಿಗುವುದರಲ್ಲಿ ಆಶ್ಚರ್ಯವಿಲ್ಲ.

ಇದೇ ಕಲ್ಲು ಸೇತುವೆಗೂ ಒದಗಿದ್ದನ್ನು ಕಾಣಲು ಗೋವೆಗೆ ಹೋಗಬೇಕು. ಪಣಜಿ–ರಿಬಂದರ್ ನಡುವೆ 1633-34ರಲ್ಲಿ ಪೋರ್ಚುಗೀಸರು ಚಿರೇಕಲ್ಲಿನ ಕಮಾನುಗಳ ಮೇಲೆ ಸುಮಾರು ಮೂರು ಕಿಲೋಮೀಟರ್ ಉದ್ದದ ದಾರಿ ಎಬ್ಬಿಸಿದರು. ಇಂದಿಗೂ ಅದರ ಮೇಲೆ ವಾಹನಗಳು ಓಡುತ್ತವೆ.

ಮಿರ್ಜಾನಿನಲ್ಲಿ ಶತ್ರು ಈಗ ಗೋಡೆಯ ಸಂದಿಯಲ್ಲಿ ಮೊಳೆಯುವ ಆಲದ, ಅತ್ತಿಯ ಸಸಿ. ಬೇರು ದಪ್ಪವಾದಷ್ಟೂ ಪಕ್ಕದ ಗೋಡೆ ಸರಿಯುತ್ತದೆ; ಗೋಡೆ ಸರಿದರೆ ನೆತ್ತಿಯ ಕಲ್ಲು ಸಡಿಲ. ಹಸಿರು ಚೆಂದವೆಂದು ಹೊಗಳುವವರಿಗೆ ಇದೂ ಗೊತ್ತಿರಲಿ. ಕಮಾನುಗಳನ್ನೇ ನೋಡಬೇಕೆಂದರೆ ಮಳೆ ನಿಂತ ಮೇಲೆ, ನವೆಂಬರಿನ ನಂತರ ಹೋಗುವುದು ಒಳ್ಳೆಯದು. ಪಾಚಿ ಒಣಗಿ, ಕಲ್ಲುಕಲ್ಲಿನ ನಡುವಿನ ಗೆರೆಗಳು ಆಗ ಬಿಡಿಯಾಗಿ ಕಾಣುತ್ತವೆ. ಬಾವಿಯ ಕಡೆ ಇಳಿಯುವ ಮೆಟ್ಟಿಲಲ್ಲಿ ಕಾಲೂ ಜಾರುವುದಿಲ್ಲ.